ಬರದೇ ಹೋಗುವ ದೇವರು

ಟೇಲೋಸ್ ಅಂತ ಒಬ್ಬ ದೇವರಿದ್ದಾನೆ. ನಮ್ಮ ಲೋಕದವನಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಫರ್ಗಾಟನ್ ರೆಲ್ಮ್ಸ್ ಅನ್ನುವ ಕಲ್ಪನೆಯ ಜಗತ್ತೊಂದಿದೆ, ಅಲ್ಲಿನವನು. ಒಂದು ಕಣ್ಣಿಗೆ ಪಟ್ಟಿ. ಬಿರುಗಾಳಿ, ಸಿಡಿಲು, ಭೂಕಂಪ, ಕಾಡಿಗೆ ಬೀಳುವ ಬೆಂಕಿ ಎಲ್ಲಾ ಅವನ ಖಾತೆ. ಹಿಮದ ದೇವತೆ ಆರಿಲ್, ಕಡಲಿನ ದೇವತೆ ಅಂಬರ್ಲಿ, ಬೇಟೆಯ ದೇವರು ಮಾಲಾರ್, ಈ ಮೂವರು ಅವನ ಕಡೆಯವರು. (ಮಾಲಾರ್ ಅಂದದ್ದನ್ನು ನಮ್ಮ ರಾಣೆಬೆನ್ನೂರಿನ ಗೆಳತಿ ಮೈಲಾರ ಅಂತ ಕೇಳಿಸಿಕೊಂಡು ಕೈಮುಗಿದಿದ್ದಳು. ಆಮೇಲೆ ಅವಳನ್ನು ವಾರಗಟ್ಟಲೆ ಕಾಡಿಸಿದೆವು.)

ಟೇಲೋಸ್ ಬರಲಿ ಅಂತ, ಅವನ ಪೂಜಾರಿಗಳನ್ನು ಬಿಟ್ಟರೆ, ಯಾರೂ ಹರಕೆ ಹೊರುವುದಿಲ್ಲ. ಬರದಿರಲಿ ಅಂತ ಕಾಣಿಕೆ ಕೊಡುತ್ತಾರೆ. ಅಂಜಿಕೆಯೇ ಅವನ ಊಟ. ಖಳನಾಯಕ ಅಂತ ನೋಡಿದರೆ ಏನೂ ಕಮ್ಮಿಯಿಲ್ಲ. ಆಟ ಸಪ್ಪೆಯಾಗುತ್ತಿದೆ ಅನ್ನಿಸಿದಾಗ ಮುಗಿಲು ಕಪ್ಪು ಮಾಡಿ ಒಂದು ಸಿಡಿಲು ಕೆಡವಿದರೆ ಸಾಕು, ಎಲ್ಲರೂ ಮೈ ನೆಟ್ಟಗೆ ಮಾಡಿ ಕೂರುತ್ತಾರೆ.

ಆದರೆ ಅವನು ನಮ್ಮ ನೆಲಕ್ಕೆ ಒಗ್ಗಲಿಲ್ಲ.

ನಮ್ಮದು ಧಾರವಾಡದಲ್ಲಿ ಒಂದು ಸಣ್ಣ ಗುಂಪು. ರವಿವಾರ ಸಂಜೆ ಒಬ್ಬರ ಮನೆ ಮಾಳಿಗೆ ಮೇಲೆ ಸೇರುತ್ತೇವೆ. ಗೊತ್ತಿಲ್ಲದವರಿಗೆ ಆಟದ ಬಗ್ಗೆ ಎರಡು ಮಾತು: ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಕಥೆಯಲ್ಲಿ ಒಂದೊಂದು ಪಾತ್ರ. ಕಷ್ಟದ ಕೆಲಸಕ್ಕೆ ಕೈ ಹಾಕಿದರೆ ದಾಳ ಉರುಳಿಸಬೇಕು, ಬಿದ್ದ ಅಂಕಿಯ ಮೇಲೆ ಕಥೆ ಹೊರಳುತ್ತದೆ. 1974ರಲ್ಲಿ ಅಮೆರಿಕದಲ್ಲಿ ಶುರುವಾದ ಆಟ. ಬೋರ್ಡು ಬೇಕೇ ಬೇಕು ಅಂತಿಲ್ಲ. ಕಾಗದ, ಪೆನ್ಸಿಲ್, ದಾಳ, ಮತ್ತೆ ನಮ್ಮ ಕಡೆ ಆದ್ದರಿಂದ ಗಿರಮಿಟ್ಟು ಮತ್ತು ಮಿರ್ಚಿ. ದಾಳಕ್ಕೆ ಎಣ್ಣೆ ಹತ್ತುತ್ತದೆ ಅಂತ ಒಬ್ಬ ಯಾವಾಗಲೂ ಗೊಣಗುತ್ತಾನೆ. ಗೊಣಗುತ್ತಲೇ ತಿನ್ನುತ್ತಾನೆ.

ಕಥೆ ನಡೆಸುವ ಪಾಳಿ ನನ್ನದಿತ್ತು. ಟೇಲೋಸ್‌ನ ಬಿರುಗಾಳಿ ಒಂದು ಹಳ್ಳಿಯ ಕಡೆಗೆ ಬರುತ್ತಿದೆ, ಜನ ಗಂಟುಮೂಟೆ ಕಟ್ಟಿ ಓಡುತ್ತಿದ್ದಾರೆ, ನೀವೇನು ಮಾಡುತ್ತೀರಿ ಅಂತ ಕೇಳಿದೆ. ಗದಗಿನ ಗೆಳೆಯ ದಾಳ ಮುಟ್ಟಲಿಲ್ಲ.

"ಅಲ್ಲಲೇ, ಮಳಿ ಬರಾಕತ್ತೈತಿ ಅಂದ್ರ ಮಂದಿ ಯಾಕ ಓಡ್ತಾರ? ನಮ್ಮೂರಾಗ ಆದ್ರ ಹೊರಗ ಬಂದು ನಿಂದರ್ತಾರ."

"ಮಳೆ ಅಲ್ಲೋ, ಬಿರುಗಾಳಿ. ಹೆಂಚು ಹಾರಿ ಹೋಗ್ತಾವ."

"ಹೋಗ್ಲಿ ಬಿಡು. ಹೆಂಚು ಮತ್ತ ಹೊಚ್ಚಬಹುದು."

ಆ ಸಂಜೆ ಆಟ ಮುಂದೆ ಹೋಗಲಿಲ್ಲ, ಮಾತು ಹೋಯಿತು. ಹಡಗಿನಲ್ಲಿ ಓಡಾಡುವವರಿಗೆ, ವರ್ಷವಿಡೀ ಮಳೆ ಬೀಳುವ ಊರಿನವರಿಗೆ ಬಿರುಗಾಳಿಯ ದೇವರು ಅಂದರೆ ಹೆದರಿಕೆ. ಬರುತ್ತಾನಲ್ಲಪ್ಪಾ ಅಂತ ಹೆದರಿಕೆ. ಎರಿ ಹೊಲದವರ, ಅಂದರೆ ನಮ್ಮ ಕಡೆಯ ಕಪ್ಪು ಮಣ್ಣಿನವರ, ಹೆದರಿಕೆ ಬೇರೆ. ಮುಗಿಲು ಕಪ್ಪಾಗುತ್ತದೆ, ಗಾಳಿ ಬೀಸುತ್ತದೆ, ಗುಡುಗುತ್ತದೆ, ನಾಲ್ಕು ಹನಿ ಬಿದ್ದು ಮಣ್ಣಿನ ವಾಸನೆ ಏಳುತ್ತದೆ. ಅಷ್ಟರಲ್ಲಿ ಮೋಡ ಹಾಗೇ ದಾಟಿ ಪಕ್ಕದ ಊರಿನ ಮೇಲೆ ಸುರಿಯುತ್ತದೆ. ಇಂಥ ಕಡೆ ಹುಟ್ಟುವ ಮುಗಿಲಿನ ದೇವರು ಸಿಟ್ಟಿನವನಾಗಿರುವುದಿಲ್ಲ. ಮಾತಿಗೆ ತಪ್ಪುವವನಾಗಿರುತ್ತಾನೆ. ಸಿಟ್ಟಿನವನಿಗೆ ಅಡ್ಡ ಬೀಳಬಹುದು. ಮಾತಿಗೆ ತಪ್ಪುವವನ ಜೊತೆ ಜಗಳ ಆಡಬೇಕು.

ಹಾಗಾಗಿ ಟೇಲೋಸ್‌ನನ್ನು ಅವನ ಜಗತ್ತಿಗೇ ಕಳಿಸಿ ನಮ್ಮದೇ ದೇವರನ್ನು ಕಟ್ಟಲು ಕೂತೆವು. ಹೆಸರು ಮುಗಿಲಯ್ಯ. ಒಬ್ಬ ಗೆಳೆಯನಿಗೆ ಝಂಝಾಧಿಪತಿ ಅಂತೇನೋ ಇಡಬೇಕಿತ್ತು. ಜಗಳ ಆಡುವಾಗ ಅಷ್ಟುದ್ದ ಹೆಸರು ಬಾಯಿಗೆ ಬರುವುದಿಲ್ಲ ಅಂತ ಬಿಟ್ಟೆವು.

ಮೊದಲು ನಕ್ಷೆ ಬೇಕಲ್ಲ. ಅದಕ್ಕೆ ದೂರ ಹೋಗಬೇಕಾಗಲಿಲ್ಲ. ಧಾರವಾಡದಿಂದ ಗದಗಿಗೆ ಹೆಚ್ಚು ಕಮ್ಮಿ 80 ಕಿಲೋಮೀಟರ್. ಅಷ್ಟರಲ್ಲೇ ಲೋಕ ಬದಲಾಗುತ್ತದೆ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರಿನ ಗಾಳಿ ಸಹ್ಯಾದ್ರಿಗೆ ಬಡಿದು ಮೇಲಕ್ಕೇರುತ್ತದೆ, ತಣ್ಣಗಾಗುತ್ತದೆ, ಹೊತ್ತ ನೀರಿನ ಬಹುಪಾಲನ್ನು ಅಲ್ಲೇ ಇಳಿಸಿಬಿಡುತ್ತದೆ. ಕಲಘಟಗಿ ಕಡೆ ಭತ್ತದ ಗದ್ದೆ. ಧಾರವಾಡಕ್ಕೆ ಜಿಟಿಜಿಟಿ. ಹುಬ್ಬಳ್ಳಿ ದಾಟಿ ಮೂಡಲಕ್ಕೆ ಹೋದ ಹಾಗೆ ಗಾಳಿಯ ಕೈ ಖಾಲಿ. ಅಣ್ಣಿಗೇರಿ, ಗದಗ, ರೋಣದ ಮೇಲೆ ಮೋಡ ಹಾಯುತ್ತದೆ, ಹನಿ ಬೀಳುವ ಖಾತ್ರಿ ಇಲ್ಲ. ಆದರೆ ಗಾಳಿಗೆ ಅಲ್ಲಿ ಬರ ಇಲ್ಲ. ಕಪ್ಪತಗುಡ್ಡದ ಸುತ್ತ ನಿಂತ ಗಾಳಿಯಂತ್ರಗಳನ್ನು ನೋಡಿದವರಿಗೆ ಇದು ಗೊತ್ತು.

ನಮ್ಮ ನಕ್ಷೆಯಲ್ಲೂ ಪಡುವಣಕ್ಕೆ ಗುಡ್ಡದ ಸಾಲು, ಮೂಡಲಕ್ಕೆ ಕಪ್ಪು ಬಯಲು. ಗುಡ್ಡದ ಆಚೆ ಮುಗಿಲಯ್ಯನ ಅತ್ತೆಮನೆ. ಹೊರಟಾಗ ಬುತ್ತಿ ತುಂಬಿರುತ್ತದೆ, ಅಲ್ಲಿ ಹೊಕ್ಕು ಉಂಡು ಉಳಿದದ್ದನ್ನು ಬಯಲಿಗೆ ತರುತ್ತಾನೆ. ಇದು ರಾಣೆಬೆನ್ನೂರಿನವಳ ಐಡಿಯಾ. ಮದುವೆಯಾಗಿ ಹೊಸದರಲ್ಲಿ ಇದ್ದಳು, ಅದಕ್ಕೇ ಇರಬೇಕು.

ನಕ್ಷೆಗೆ ಇನ್ನೊಂದು ಸಂಗತಿ ಧಾರವಾಡದಿಂದಲೇ ಸಿಕ್ಕಿತು. ಸೋಮೇಶ್ವರ ಗುಡಿಯ ಹತ್ತಿರ ಶಾಲ್ಮಲೆ ಹುಟ್ಟುತ್ತಾಳೆ. ಆ ನೀರು ಬೇಡ್ತಿಗೆ ಸೇರಿ, ಗಂಗಾವಳಿಯಾಗಿ ಪಡುವಣ ಕಡಲಿಗೆ ಹೋಗುತ್ತದೆ. ಅದೇ ಊರಿನ ಇನ್ನೊಂದು ಬದಿಗೆ ಬಿದ್ದ ಮಳೆ ತುಪ್ಪರಿಹಳ್ಳ, ಬೆಣ್ಣಿಹಳ್ಳ ಹಿಡಿದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕಡೆಗೆ ಬಂಗಾಳ ಕೊಲ್ಲಿಗೆ. ಒಂದೇ ಮೋಡ, ಎರಡು ಸಮುದ್ರ. ಮುಗಿಲಯ್ಯನ ಎರಡೂ ಕೈಗೆ ಒಂದೊಂದು ಕೊಡ ಕೊಟ್ಟೆವು. ಯಾವ ಕೈ ಯಾವಾಗ ಬಗ್ಗುತ್ತದೆ ಅಂತ ಅವನಿಗೂ ಗೊತ್ತಿರುವುದಿಲ್ಲ. ಬೆಣ್ಣಿಹಳ್ಳ ನೋಡಿದವರು ಇದನ್ನು ನಂಬುತ್ತಾರೆ. ಬೇಸಗೆಯಲ್ಲಿ ಬತ್ತಿ ಮಲಗಿರುತ್ತದೆ, ಎಲ್ಲೋ ಮೇಲೆ ದೊಡ್ಡ ಮಳೆಯಾದರೆ ರಾತ್ರೋರಾತ್ರಿ ನವಲಗುಂದದ ಕಡೆ ಹೊಲಕ್ಕೆಲ್ಲ ನುಗ್ಗುತ್ತದೆ.

ಹಳೆಯ ಕಥೆಗಳನ್ನೂ ತಿರುವಿ ಹಾಕಿದೆವು. ಋಗ್ವೇದದ 1,028 ಸೂಕ್ತಗಳಲ್ಲಿ ಸುಮಾರು ಕಾಲುಭಾಗ ಇಂದ್ರನದ್ದೇ. ಅವನ ದೊಡ್ಡ ಕೆಲಸ ವೃತ್ರನನ್ನು ಕೊಂದದ್ದು. ವೃತ್ರ ನೀರನ್ನು ತಡೆದು ಗುಡ್ಡದ ಮೇಲೆ ಹಾವಿನ ಹಾಗೆ ಬಿದ್ದುಕೊಂಡಿರುತ್ತಾನೆ, ತ್ವಷ್ಟೃ ಮಾಡಿಕೊಟ್ಟ ವಜ್ರಾಯುಧದಿಂದ ಇಂದ್ರ ಹೊಡೆಯುತ್ತಾನೆ, ನೀರು ಹರಿಯುತ್ತದೆ. ಅಲ್ಲಿಗೆ ತಡೆಯುವವನು ಒಬ್ಬ, ಬಿಡಿಸುವವನು ಇನ್ನೊಬ್ಬ. ಲೆಕ್ಕ ಸರಳ. ನಮಗೆ ಅದು ಸಾಲಲಿಲ್ಲ. ನಮ್ಮ ಬಯಲಿನಲ್ಲಿ ತಡೆಯುವವನೂ ಬಿಡುವವನೂ ಒಬ್ಬನೇ. ಯಾರನ್ನು ಕೊಲ್ಲೋಣ?

ಇಂದ್ರನಿಗಿಂತ ನನಗೆ ಪರ್ಜನ್ಯ ಹತ್ತಿರದವನು ಅನ್ನಿಸಿದ. ಐದನೆಯ ಮಂಡಲದ 83ನೇ ಸೂಕ್ತ ಅವನದು. ಗುಡುಗು, ಮಿಂಚು, ಸುರಿಯುವ ನೀರು ಎಲ್ಲಾ ಹೊಗಳಿ ಹಾಡಿದ ಕವಿ, ಕೊನೆಗೆ ಬಂದಾಗ, ಸುರಿಸಿದ್ದಾಯಿತಲ್ಲ, ಇನ್ನು ನಿಲ್ಲಿಸು ಅನ್ನುವ ಅರ್ಥದ ಮಾತು ಹೇಳುತ್ತಾನೆ. ಎಷ್ಟು ಸಲೀಸಾಗಿ ಹೇಳುತ್ತಾನೆ ನೋಡಿ! ದೇವರಿಗೆ ಹಾಗೆ ಹೇಳಬಹುದು ಅನ್ನುವುದೇ ನಮ್ಮ ಮುಗಿಲಯ್ಯನಿಗೆ ಅಡಿಪಾಯ ಆಯಿತು.

ಇನ್ನು ವಾಹನದ ವಿಷಯ. ಇದರಲ್ಲಿ ನಮಗೆ ಸಿಕ್ಕ ಮಜಾ ಬೇರೆ ಯಾವುದರಲ್ಲೂ ಸಿಗಲಿಲ್ಲ.

ಗುಡಿಯ ಮಾಳಿಗೆಯ ಅಷ್ಟದಿಕ್ಪಾಲಕರಲ್ಲಿ ಇಂದ್ರನಿಗೆ ಐರಾವತ, ವರುಣನಿಗೆ ಮೊಸಳೆ, ವಾಯುವಿಗೆ ಜಿಂಕೆ. ಒಬ್ಬರಿಗೆ ಒಂದೇ ಸವಾರಿ, ಕಾಯಂ. ಆದರೆ ನಮ್ಮ ಕಡೆಯ ಪಂಚಾಂಗ ತೆಗೆದು ನೋಡಿ. ಮಳೆ ನಕ್ಷತ್ರಗಳ ಪಕ್ಕ ಒಂದೊಂದಕ್ಕೂ ವಾಹನ ಬರೆದಿರುತ್ತಾರೆ. ಸೂರ್ಯ ಇರುವ ನಕ್ಷತ್ರದಿಂದ ಚಂದ್ರ ಇರುವ ನಕ್ಷತ್ರದವರೆಗೆ ಎಣಿಸಿ, 9ರಿಂದ ಭಾಗಿಸಿ, ಉಳಿದದ್ದನ್ನು ನೋಡುವುದು. ಒಂದು ಉಳಿದರೆ ಕುದುರೆ, ಆಮೇಲೆ ನರಿ, ಕಪ್ಪೆ, ಟಗರು, ನವಿಲು, ಇಲಿ, ಕೋಣ, ಕತ್ತೆ. ಏನೂ ಉಳಿಯದಿದ್ದರೆ ಆನೆ. ಆನೆ, ಕಪ್ಪೆ, ಕೋಣ ಬಂದರೆ ಒಳ್ಳೆ ಮಳೆ. ನವಿಲು, ಇಲಿ, ಕತ್ತೆ ಆದರೆ ನಡುನಡುವೆ. ನರಿ, ಟಗರು ಬಂದರೆ ಕೈ ಎತ್ತಿದಂತೆ. ಕುದುರೆ ಬಂದರೆ ಗುಡ್ಡದ ಮೇಲೆ ಮಾತ್ರ ಮಳೆ.

ಹದಿಮೂರು ಹದಿನಾಲ್ಕು ದಿನಕ್ಕೊಮ್ಮೆ ಸವಾರಿ ಬದಲಿಸುವ ದೇವರು! ಯಾವ ಫ್ಯಾಂಟಸಿ ಜಗತ್ತಿನಲ್ಲೂ ನಾನು ಇಂಥವನನ್ನು ಕಂಡಿಲ್ಲ. ರೋಹಿಣಿಗೆ ಆನೆ ಮೇಲೆ ಬಂದವನು ಮೃಗಶಿರಕ್ಕೆ ಇಲಿ ಮೇಲೆ ಬರಬಹುದು. ಅಷ್ಟು ದೊಡ್ಡ ದೇವರು ಇಲಿ ಮೇಲೆ ಕೂತರೆ ಬೇಗ ಎಲ್ಲಿ ಬಂದಾನು ಹೇಳಿ.

ಆಟಕ್ಕಂತೂ ಇದು ಹೇಳಿ ಮಾಡಿಸಿದ್ದು. ನಮ್ಮ ಆಟದಲ್ಲಿ ಹತ್ತು ಮುಖದ ದಾಳ ಇರುತ್ತದೆ. ಒಂಬತ್ತು ಮುಖಕ್ಕೆ ಒಂಬತ್ತು ಸವಾರಿ. ಹತ್ತು ಬಿದ್ದರೆ ಮುಗಿಲಯ್ಯ ಹೊರಟೇ ಇಲ್ಲ. ಪ್ರತಿ ಮಳೆಗೆ ಒಮ್ಮೆ ಉರುಳಿಸಬೇಕು. ಮೊದಲ ಸಲ ಆಡಿದಾಗ ರೋಹಿಣಿಗೆ ಹತ್ತು ಬಿತ್ತು. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ ಅಂತ ಗಾದೆ. ದಾಳ ನೋಡಿ ಗದಗಿನವನು ನಿಜವಾಗಲೂ ಸಪ್ಪಗಾದ. ಆರಿದ್ರೆಗೆ ಟಗರು, ಪುನರ್ವಸುವಿಗೆ ನರಿ. ಮಘೆಗೆ ಕಪ್ಪೆ ಬಿದ್ದಾಗ ಎಲ್ಲರೂ ಕೂಗಿದ ಕೂಗಿಗೆ ಕೆಳಗಿನ ಮನೆಯ ಕಾಕಾ ಮೇಲೆ ಬಂದು ಕ್ರಿಕೆಟ್ ಸ್ಕೋರ್ ಎಷ್ಟು ಅಂತ ಕೇಳಿದರು. ಬಂದರೆ ಮಘೆ, ಹೋದರೆ ಹೊಗೆ ಅಂತ ಇನ್ನೊಂದು ಗಾದೆ ಇದೆಯಲ್ಲ. ಆ ಗಾದೆಯ ಭಾರ ದಾಳ ಉರುಳುವಾಗ ಗೊತ್ತಾಯಿತು.

ಸಿಡಿಲನ್ನೂ ಬಿಡುವ ಹಾಗಿರಲಿಲ್ಲ. ಏಪ್ರಿಲ್, ಮೇ ತಿಂಗಳ ಅಡ್ಡಮಳೆ ಅಂದರೆ ಮಳೆಗಿಂತ ಸದ್ದು ಜಾಸ್ತಿ. ಮಧ್ಯಾಹ್ನದ ಬಿಸಿಲಿಗೆ ಕಾದ ಗಾಳಿ ಮೇಲೇರಿ ಸಂಜೆಗೆ ಗೋಡೆಯಂಥ ಮೋಡ ಏಳುತ್ತದೆ, ಆಲಿಕಲ್ಲು, ಗುಡುಗು, ಅರ್ಧ ತಾಸಿನಲ್ಲಿ ಮುಗೀತು. ಸಿಡಿಲು ಹಾಯುವ ದಾರಿಯ ಗಾಳಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ, ಸೂರ್ಯನ ಮೇಲ್ಮೈಗಿಂತ ಐದು ಪಟ್ಟು ಬಿಸಿ. ಹಾಗೆ ಒಮ್ಮೆಲೇ ಕಾದು ಹಿಗ್ಗಿದ ಗಾಳಿಯ ಸದ್ದೇ ಗುಡುಗು. ಮಿಂಚಿದ ಮೇಲೆ ಎಣಿಸಿ ನೋಡಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ದೇಶದಲ್ಲಿ ವರ್ಷಕ್ಕೆ 2,000ಕ್ಕೂ ಜಾಸ್ತಿ ಜನ ಸಿಡಿಲಿಗೆ ಸಾಯುತ್ತಾರೆ. ಹೊಲದಲ್ಲಿದ್ದವರು, ಕುರಿ ಕಾಯುವವರು, ಮಳೆ ಬಂತು ಅಂತ ಒಂಟಿ ಮರದ ಕೆಳಗೆ ಹೋಗಿ ನಿಂತವರೇ ಬಹಳ. ನಮ್ಮ ಆಟದಲ್ಲೂ ಒಂಟಿ ಬೇವಿನ ಮರದ ಕೆಳಗೆ ನಿಂತವನಿಗೆ ದಾಳ ಉರುಳಿಸುವ ಅವಕಾಶವೇ ಇಲ್ಲ. ಇದೊಂದು ನಿಯಮಕ್ಕೆ ಯಾರೂ ತಕರಾರು ತೆಗೆಯಲಿಲ್ಲ.

ಗುಡುಗಿದಾಗ ನಮ್ಮವ್ವ ಈಗಲೂ ಒಲೆ ಸಣ್ಣ ಮಾಡಿ, ಕಿಟಕಿ ಹಾಕಿ, ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ, ಶ್ವೇತವಾಹನ ಅಂತ ಹೇಳುತ್ತಾ ಹೋಗುತ್ತಾಳೆ. ಬಹಳ ಮನೆಗಳಲ್ಲಿ ಇದುಂಟು. ಆಟಕ್ಕೆ ದೇವರು ಕಟ್ಟುವಾಗ ಇದರ ಜಾಣತನ ಕಂಡಿತು. ಅರ್ಜುನ ಇಂದ್ರನ ಮಗ. ಸಾಲ ಕೊಟ್ಟ ಸಾಹುಕಾರ ಬಾಗಿಲಿಗೆ ಬಂದು ಕೂಗಾಡುವಾಗ, ನಿಮ್ಮ ಮಗ ನಮಗೆ ಬೇಕಾದವ್ನರೀ ಅನ್ನುವ ಹಾಗೆ. ಬೇಡಿಕೊಳ್ಳುವುದಲ್ಲ, ವಶೀಲಿ ಹಚ್ಚುವುದು. ಮುಗಿಲಯ್ಯನಿಗೂ ಒಬ್ಬ ಮಗನನ್ನು ಕೊಟ್ಟೆವು. ಅವನ ಹತ್ತು ಹೆಸರು ತಪ್ಪದೆ, ತಡವರಿಸದೆ ಹೇಳಿದರೆ ಸಿಡಿಲು ಪಕ್ಕಕ್ಕೆ ಬೀಳುತ್ತದೆ. ಇದಕ್ಕೆ ದಾಳ ಇಲ್ಲ, ಆಡುವವರೇ ಬಾಯಿಪಾಠ ಮಾಡಬೇಕು. ಮಿರ್ಚಿ ಬಾಯಲ್ಲಿ ಇಟ್ಟುಕೊಂಡು ಹೇಳಲು ಹೋದವನ ಪಾತ್ರ ಸತ್ತುಹೋಯಿತು.

ಭವಿಷ್ಯ ಹೇಳುವುದಕ್ಕೆ ದೇವರಗುಡ್ಡದ ಕಾರಣಿಕ ಇದ್ದೇ ಇದೆ. ರಾಣೆಬೆನ್ನೂರು ತಾಲೂಕಿನಲ್ಲಿ ದಸರಾ ಹೊತ್ತಿಗೆ ನಡೆಯುವುದು. ಗೊರವಪ್ಪ ಎತ್ತರದ ಬಿಲ್ಲು ಏರುತ್ತಾನೆ, ಸದ್ದಲೇ ಅನ್ನುತ್ತಾನೆ. ಅಷ್ಟು ದೊಡ್ಡ ಜನಜಂಗುಳಿ ಗಪ್. ಒಂದೇ ಸಾಲು ಹೇಳಿ ಮೇಲಿಂದ ಬೀಳುತ್ತಾನೆ, ಕೆಳಗಿನವರು ಹಿಡಿಯುತ್ತಾರೆ. ಆಮೇಲೆ ಆ ಸಾಲು ಮಳೆಗೋ, ಬೆಳೆಗೋ, ರಾಜಕೀಯಕ್ಕೋ ಅಂತ ಚಹಾದಂಗಡಿಗಳಲ್ಲಿ ಚರ್ಚೆ. ನಮ್ಮ ಆಟದ ಪೂಜಾರಿಯೂ ಒಂದೇ ಸಾಲು ಹೇಳಬೇಕು, ಅರ್ಥ ಕೇಳುವ ಹಾಗಿಲ್ಲ. ಕಥೆ ನಡೆಸುವವರಿಗೆ ಇದು ಬಹಳ ಅನುಕೂಲ. ಏನೇ ಆದರೂ, ನಾ ಮೊದಲೇ ಹೇಳಿರಲಿಲ್ಲೇನು ಅನ್ನಬಹುದು.

ದೇವರ ಜೊತೆ ಜಗಳ ಆಡುವುದನ್ನು ಮಾತ್ರ ಹೊಸದಾಗಿ ಕಟ್ಟಬೇಕಾಗಲಿಲ್ಲ. ಮಳೆ ಹೋದಾಗ ಹುಡುಗರು ಹಂಚಿನ ಮೇಲೆ ಗುರ್ಜಿ ಅನ್ನುವ ಸಗಣಿಯ ಬೊಂಬೆ ಇಟ್ಟು ತಲೆ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾರೆ. ಮನೆಯವರು ಕೊಡದಿಂದ ನೀರು ಸುರಿಯುತ್ತಾರೆ, ಹೊತ್ತವನು ಗರಗರ ತಿರುಗುತ್ತಾನೆ. ಸುತ್ತ ಹನಿ ಹಾರುತ್ತದೆ. ಮಳೆ ಹೀಗಿರುತ್ತೆ, ಮರೆತಿದ್ದರೆ ನೋಡಿಕೋ ಅಂತ ದೇವರಿಗೇ ಮಾಡಿ ತೋರಿಸಿದ ಹಾಗೆ. ಕಪ್ಪೆ ಮದುವೆ, ಕತ್ತೆ ಮದುವೆ ಬಗ್ಗೆ ಕೇಳಿಯೇ ಇರುತ್ತೀರಿ. ಪಂಚಾಂಗದ ವಾಹನಗಳಲ್ಲೂ ಈ ಎರಡು ಇವೆ ಅನ್ನುವುದು ಹೊಳೆದಾಗ ನಾವು ಒಂದು ನಿಯಮ ಮಾಡಿದೆವು: ಕಪ್ಪೆಯ ಮದುವೆ ಮಾಡಿಸಿದ ಊರಿಗೆ ದಾಳ ಎರಡು ಸಲ.

ಎಲ್ಲಕ್ಕಿಂತ ದೊಡ್ಡ ಜಗಳಗಾರ ಜೋಕುಮಾರ. ಭಾದ್ರಪದದಲ್ಲಿ ಗಣಪ್ಪ ಹೋದ ಮೇಲೆ ಬರುತ್ತಾನೆ. ಬುಟ್ಟಿಯಲ್ಲಿ ಬೇವಿನ ಸೊಪ್ಪು, ಅದರ ನಡುವೆ ಮಣ್ಣಿನ ಜೋಕಪ್ಪ, ಅಗಲ ಮುಖ, ದೊಡ್ಡ ಕಣ್ಣು, ಬಾಯಿಗೆ ಬೆಣ್ಣೆ. ಹೊತ್ತು ತರುವ ಹೆಣ್ಣುಮಕ್ಕಳು ಹಾಡುತ್ತಾರೆ, ಮೊರದಲ್ಲಿ ಜೋಳ ಹಾಕಿಸಿಕೊಳ್ಳುತ್ತಾರೆ. ಏಳು ದಿನ ಊರೆಲ್ಲ ಅಲೆದು ಹುಣ್ಣಿಮೆಗೆ ಸಾಯುತ್ತಾನೆ. ಜನ ಹೇಳುವ ಕಥೆ ಹೀಗೆ: ಗಣಪ್ಪ ಕಡುಬು, ಹೋಳಿಗೆ ತಿಂದು ಮೇಲೆ ಹೋಗಿ, ಭೂಮಿ ಮೇಲೆ ಎಲ್ಲರೂ ಸುಖವಾಗಿದ್ದಾರೆ ಅಂತ ಶಿವನಿಗೆ ವರದಿ ಕೊಡುತ್ತಾನೆ. ಜೋಕುಮಾರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳುತ್ತಾನೆ. ಮಳೆ ಇಲ್ಲ, ಬೆಳೆ ಇಲ್ಲ, ಮಂದಿ ಗೋಳಾಡುತ್ತಿದ್ದಾರೆ ಅಂತ. ಆಗ ಮಳೆ.

ಮೊದಲು ಬಂದವನಿಗೆ ಮಂಟಪ, ಮೆರವಣಿಗೆ, ಡಿಜೆ. ನಮ್ಮ ಕಷ್ಟ ಹೇಳಲು ಹೋದವನು ಹೆಣವಾಗಿ ಹೋಗಬೇಕು. ಇಂಥ ಕಥೆ ಕಟ್ಟಿದವರು ಸರ್ಕಾರಿ ಕಚೇರಿಗೆ ಅರ್ಜಿ ಹಿಡಿದು ಬಹಳ ಅಲೆದಿರಬೇಕು ಅಂತ ನನ್ನ ಗುಮಾನಿ.

ನಮ್ಮ ಆಟದಲ್ಲೂ ಹಾಗೇ ಮಾಡಿದೆವು. ಮುಗಿಲಯ್ಯನ ಚಾವಡಿಗೆ ಬದುಕಿದ್ದವರು ಹೋಗುವ ಹಾಗಿಲ್ಲ. ಬಯಲಿನ ಪರವಾಗಿ ಮಾತಾಡಬೇಕೆಂದರೆ ಒಬ್ಬ ಆಟಗಾರ ತನ್ನ ಪಾತ್ರವನ್ನು ಬಿಟ್ಟುಕೊಡಬೇಕು. ತಿಂಗಳುಗಟ್ಟಲೆ ಆಡಿ ಬೆಳೆಸಿದ ಪಾತ್ರ. ಯಾರು ಕೊಡುತ್ತಾರೆ? ಗದಗಿನವನು ಕೊಟ್ಟ. ಚಾವಡಿಯಲ್ಲಿ ನಿಂತು ಹತ್ತು ನಿಮಿಷ ಮುಗಿಲಯ್ಯನನ್ನು ಬೈದ. ಬೀಜದ ರೇಟು, ಗೊಬ್ಬರದ ರೇಟು, ಎರಡನೇ ಸಲ ಬಿತ್ತಿದ್ದು, ಮೂರನೇ ಸಲ ಬಿತ್ತಲು ಬೀಜವೇ ಇಲ್ಲದ್ದು. ಅರ್ಧ ಮಾತು ಆಟದ ಬಯಲಿನದ್ದಲ್ಲ, ಅವರ ಮನೆ ಹೊಲದ್ದು ಅಂತ ಎಲ್ಲರಿಗೂ ಗೊತ್ತಿತ್ತು. ಯಾರೂ ನಡುವೆ ಬಾಯಿ ಹಾಕಲಿಲ್ಲ. ಮುಗಿಲಯ್ಯನಾಗಿ ಕೂತಿದ್ದ ನನಗೆ ಉತ್ತರ ಕೊಡುವುದು ಕಷ್ಟವಾಯಿತು. "ಕುದುರೆ ಕೊಟ್ಟಿದ್ರು, ಅದು ಗುಡ್ಡ ಇಳೀಲಿಲ್ಲ" ಅಂದೆ. "ಇಳದು ನಡಕೊಂತ ಬರಬೇಕಿತ್ತು" ಅಂದ.

ಮಾತಿಗೆ ತಪ್ಪುವ ದೇವರಿಗೆ ಇನ್ನೊಂದು ಮುಖ ಇದೆ. ಅವನು ಬರದಿದ್ದಾಗ ಜನ ಒಬ್ಬರನ್ನೊಬ್ಬರು ನೋಡಲು ಶುರು ಮಾಡುತ್ತಾರೆ. ಯಾರ ಪಾಪ ಇದು? ತೊನ್ನು ಇದ್ದವರನ್ನು ಹೂತರೆ ಮಳೆ ಬರುವುದಿಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಇದೆ. ಬರದ ವರ್ಷ ಹೂತ ಹೆಣ ಕಿತ್ತು ಸುಟ್ಟರು ಅನ್ನುವ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದುಂಟು. ತೊನ್ನು ಅಂಟುವ ರೋಗವಲ್ಲ. ಚರ್ಮದ ಬಣ್ಣ ಹೋಗುತ್ತದೆ, ಅಷ್ಟೇ. ಮುಂಗಾರಿಗೂ ಅದಕ್ಕೂ ಏನು ಸಂಬಂಧ? ಗುರ್ಜಿ, ಜೋಕಪ್ಪನ ಬಗ್ಗೆ ಪ್ರೀತಿಯಿಂದ ಬರೆದು ಇದನ್ನು ಬಿಟ್ಟರೆ ಸುಳ್ಳು ಬರೆದ ಹಾಗೆ.

ಇದನ್ನು ಆಟಕ್ಕೆ ತರಬೇಕೋ ಬೇಡವೋ ಅಂತ ಬಹಳ ಹೊತ್ತು ಮಾತಾಡಿದೆವು. ತಂದೆವು. ಸತತ ಮೂರು ಸಲ ಹತ್ತು ಬಿದ್ದ ಹಳ್ಳಿ. ಜನ ಗುದ್ದಲಿ ಹಿಡಿದು ರುದ್ರಭೂಮಿಯ ಕಡೆ ಹೊರಟಿದ್ದಾರೆ. ನಮ್ಮವರು ಕತ್ತಿ ಹಿರಿದು ಅಡ್ಡ ನಿಂತರೆ ಊರಿನ ಬಡವರನ್ನೇ ಕಡಿಯಬೇಕು. ನಿಲ್ಲದಿದ್ದರೆ ಸತ್ತವಳ ಮಗಳು ಅಲ್ಲೇ ಗೋರಿಯ ಮೇಲೆ ಕೂತಿದ್ದಾಳೆ. ರಾಣೆಬೆನ್ನೂರಿನವಳು ಒಂದು ದಾರಿ ಹುಡುಕಿದಳು. ಕಾರಣಿಕದ ಪೂಜಾರಿಯನ್ನು ನಿದ್ದೆಯಿಂದ ಎಬ್ಬಿಸಿ ಎಳೆತಂದು ರುದ್ರಭೂಮಿಯ ಬಾಗಿಲಲ್ಲೇ ಬಿಲ್ಲು ಏರಿಸಿದಳು. ಒಂದು ಸಾಲು ಹೇಳಿಸಿದಳು: "ಅಗೆದ ಕೈಗೆ ಹನಿ ಇಲ್ಲ ಪರಾಕ್." ದೇವರ ಹೆಸರಲ್ಲಿ ಸುಳ್ಳು ಹೇಳಿಸಿದ್ದಕ್ಕೆ ಮುಗಿಲಯ್ಯ ಏನು ಮಾಡಬೇಕು ಅಂತ ಎಲ್ಲರೂ ನನ್ನ ಮುಖ ನೋಡಿದರು. ಏನೂ ಮಾಡಲಿಲ್ಲ. ಹೇಗೂ ಏನೂ ಮಾಡದೆ ಇರುವುದರಲ್ಲಿ ಅವನು ಹೆಸರುವಾಸಿ.

ಮುಗಿಲಯ್ಯನಿಗೆ ನಾವು ಅಂಕಿ ಕೊಟ್ಟಿಲ್ಲ. ಈ ಆಟದಲ್ಲಿ ದೇವರಿಗೂ ಜೀವದ ಅಂಕಿ ಇಡುವ ರೂಢಿ ಇತ್ತು. 1980ರಲ್ಲಿ ಬಂದ ಇದರ ದೇವತೆಗಳ ಕೈಪಿಡಿಯಲ್ಲಿ ನಮ್ಮ ಇಂದ್ರ, ವರುಣರಿಗೂ ಇಟ್ಟಿದ್ದರು. ಅಂಕಿ ಇದ್ದರೆ ಹೊಡೆದು ಕಳೆಯಬಹುದು, ಕಳೆದು ಕೊಲ್ಲಬಹುದು. ಮುಗಿಲಯ್ಯನನ್ನು ಕೊಂದು ಏನು ಮಾಡುವುದು? ಇವನಿಲ್ಲದಿದ್ದರೆ ನರಿ ಮೇಲೂ ಬರುವವರಿಲ್ಲ.

ಈಗ ತಕರಾರು ಎದ್ದಿರುವುದು ಹಿಂಗಾರಿನದು. ಇಲ್ಲಿಯವರೆಗಿನ ಪಟ್ಟಿ ಎಲ್ಲಾ ಮುಂಗಾರಿಗೆ ಮಾಡಿದ್ದು. ಗದಗ, ರೋಣ, ನರಗುಂದದ ಎರಿ ಹೊಲಕ್ಕೆ ಬಿಳಿಜೋಳ, ಕಡಲಿ, ಕುಸುಬಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ. ಎರಿ ಮಣ್ಣು ಹಿಡಿದಿಟ್ಟ ಹಸಿ, ರಾತ್ರಿಯ ಇಬ್ಬನಿ, ಬಂಗಾಳ ಕೊಲ್ಲಿ ಕಡೆಯಿಂದ ಬಂದರೆ ಬಂತು ಅನ್ನುವ ಎರಡು ಮಳೆ, ಅಷ್ಟರ ಮೇಲೆ ಬೆಳೆ. ಗಾಳಿಯ ದಿಕ್ಕೇ ಬೇರೆ. ಆ ಮಳೆಯನ್ನು ತರುವವನೂ ಮುಗಿಲಯ್ಯನೇ, ಬೇಸರಾಗಿ ದಾರಿ ಬದಲಿಸುತ್ತಾನೆ ಅಂತ ನನ್ನ ವಾದ. ಗದಗಿನವನು ಒಪ್ಪುವುದಿಲ್ಲ. "ನಿಮ್ಮ ಧಾರವಾಡಕ್ಕ ಬರಾಂವ ಬ್ಯಾರೆ, ನಮ್ಮ ಕಡೆ ಬರಾಕಿ ಬ್ಯಾರೆ. ಆಕಿ ಮೂಡಲದಾಕಿ, ಮುಗಿಲಯ್ಯನ ಅಕ್ಕ. ತಮ್ಮ ಮಾಡಿದ ಸಾಲ ತೀರಿಸಾಕ ಬರ್ತಾಳ" ಅಂತಾನೆ. ಅಕ್ಕನಿಗೆ ಸವಾರಿ ಯಾವುದು ಅಂತ ಕೇಳಿದರೆ, ಸವಾರಿ ಇಲ್ಲ, ನಡೆದೇ ಬರುತ್ತಾಳೆ ಅಂತ ಹಟ. ಹಾಗಾದರೆ ದಾಳ ಏತಕ್ಕೆ ಉರುಳಿಸಬೇಕು ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ.